ಬಿನ್ ಯಾರು?

"ಪೂರ್ವಕ್ಕೆ ಅಂತ ಇದೆಯಲ್ಲ, ಅದನ್ನ ಇನ್ನೊಂದ್ಸಲ ಓದು."

ಮೊನ್ನೆ ಭಾನುವಾರ ದೊಡ್ಡಪ್ಪ ಈ ಮಾತನ್ನು ನಾಲ್ಕು ಸಲ ಹೇಳಿದರು. ನಾಲ್ಕು ಸಲವೂ ಓದಿದೆ. ಆ ದನಿ ಇನ್ನೂ ಕಿವಿಯಲ್ಲಿದೆ.

ನಮ್ಮ ಮನೆಯಲ್ಲಿ ಮುತ್ತಜ್ಜನ ಮಾತು ಬಂದರೆ ಒಂದೇ ಕತೆ. ಇದ್ದ ಹೊಲವನ್ನೆಲ್ಲ ಮಾರಿಕೊಂಡು ತಿಂದವನು. ಅಜ್ಜಿ ಮಾತ್ರ "ನಮ್ಮ ಮಾವ ಅಂಥವರಲ್ಲ" ಅಂದು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಅವಳ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ನನಗೆ ಈಗಲೂ ಸಂಕಟ.

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹಳೆಯ ಕ್ರಯಪತ್ರಗಳ ನಕಲು ಈ ವಾರ ಕೈಗೆ ಬಂತು. 1908ರ ನೋಂದಣಿ ಕಾಯ್ದೆ ಪ್ರಕಾರ ಬರೆದುಕೊಟ್ಟವರು, ಬರೆಸಿಕೊಂಡವರ ಹೆಸರಿಗೆ ಒಂದು ಸೂಚಿ, ಆಸ್ತಿಗೆ ಇನ್ನೊಂದು. ಜಮೀನಿನ ಪತ್ರವಾದರೆ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಇಷ್ಟು ವರ್ಷ ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಮಾರಿದವನ ಹೆಸರು ಮುತ್ತಜ್ಜನದೇ. ಆದರೆ 'ಬಿನ್' ಆದಮೇಲೆ ಬರುವ ಅಪ್ಪನ ಹೆಸರು ಬೇರೆ! ಮನೆಯಲ್ಲಿರುವ ಭಾಗಪತ್ರದಲ್ಲಿ ಮುತ್ತಜ್ಜ ಗುಂಡಗೆ ರುಜು ಹಾಕಿದ್ದಾನೆ. ಇಲ್ಲಿ ಹೆಬ್ಬೆಟ್ಟು.

"ಬರೆದವನು ಅಪ್ಪನ ಹೆಸರು ತಪ್ಪು ಬರೆದಿರ್ತಾನೆ" ಅಂದರು ದೊಡ್ಡಪ್ಪ. ಸುಲಭಕ್ಕೆ ಒಪ್ಪುವ ಜೀವ ಅಲ್ಲ ಅದು.

ಆಗ ಚಕ್ಕುಬಂದಿ ಓದಿದೆ, ಅಂದರೆ ಮಾರಿದ ಹೊಲದ ನಾಲ್ಕು ದಿಕ್ಕಿಗೆ ಏನೇನಿದೆ ಅನ್ನುವ ಭಾಗ. ಪೂರ್ವಕ್ಕೆ ನಮ್ಮ ಮುತ್ತಜ್ಜನ ಜಮೀನು, ಅವನ ಅಪ್ಪನ ಹೆಸರಿನ ಸಮೇತ. ಮಾರುವವನು ಒಬ್ಬ, ಪಕ್ಕದ ಹೊಲದವನು ಇನ್ನೊಬ್ಬ. ಒಂದೇ ಪತ್ರದಲ್ಲಿ ಇಬ್ಬರೂ ಇದ್ದಾರೆ. ಆ ಹೊಲವೂ ಮಾರಿದವನದೇ ಆಗಿದ್ದರೆ 'ನನ್ನ ಬಾಕಿ ಜಮೀನು' ಅಂತ ಬರೆಸುತ್ತಿದ್ದ, ಅಲ್ವಾ? ಉಳಿದ ಎರಡು ಕ್ರಯಪತ್ರಗಳಲ್ಲೂ ಅದೇ ಬಿನ್, ಅದೇ ಹೆಬ್ಬೆಟ್ಟು.

ದೊಡ್ಡಪ್ಪ ಕನ್ನಡಕ ತೆಗೆದರು. ಇನ್ನೊಂದ್ಸಲ ಓದು ಅಂದರು. ನಾಲ್ಕನೇ ಸಲಕ್ಕೆ ಅವರ ಕಣ್ಣು ಒದ್ದೆ. "ಅಮ್ಮ ಹೇಳ್ತಾನೇ ಇದ್ದಳು" ಅಂದರು. ನಾನು ಸುಮ್ನೆ ಕೂತಿದ್ದೆ. ಅಜ್ಜಿ ಹೋಗಿ ಹನ್ನೊಂದು ವರ್ಷ ಆಯಿತು.

ಸ್ವಲ್ಪ ಹೊತ್ತಿಗೆ ಅವರೇ, "ಹಾಗಾದ್ರೆ ಮಾರ್ಕೊಂಡು ತಿಂದವನು ಅದೇ ಹೆಸರಿನ ಆ ಇನ್ನೊಬ್ಬ" ಅಂದರು. ನನಗೆ ಕಸಿವಿಸಿಯಾಯಿತು. ನಮ್ಮವನ ತಲೆಯಿಂದ ಇಳಿಸಿದ್ದನ್ನು ಅಷ್ಟು ಬೇಗ ಇನ್ನೊಬ್ಬನ ತಲೆಗೆ ಹೊರಿಸಬೇಕಿತ್ತಾ? ಆ ಮನುಷ್ಯನ ಮನೆಯವರು ಈಗ ಎಲ್ಲಿದ್ದಾರೋ. ಅವನ ಪರವಾಗಿ ಎದ್ದು ಹೋಗುವ ಸೊಸೆ ಒಬ್ಬಳು ಅಲ್ಲೂ ಇದ್ದಿರಬಹುದು.

ಯಾಕೆ ಮಾರುತ್ತಿದ್ದೇನೆ ಅನ್ನುವುದನ್ನೂ ಆ ಪತ್ರದಲ್ಲಿ ಅವನು ಬರೆಸಿದ್ದಾನೆ. "ನನ್ನ ತಂದೆಯ ಕಾಲದ ಸಾಲ ತೀರಿಸುವ ಬಗ್ಗೆ." ಆ ಸಾಲನ್ನು ದೊಡ್ಡಪ್ಪ ಓದಿಸಲಿಲ್ಲ. ನಾನೇ ಗಟ್ಟಿಯಾಗಿ ಓದಿದೆ, ಎರಡು ಸಲ.