ಅಜ್ಜನ ಪೆಟ್ಟಿಗೆಯ ಸ್ಟಾಂಪಿಗೆ ಎಷ್ಟು ಸಿಗುತ್ತದೆ?

ಕಾಸರಗೋಡಿನ ಕಡೆ ಹಳೆ ಮನೆ ಪಾಲಾದಾಗೆಲ್ಲ ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಯುತ್ತದೆ. ಒಳಗೆ ಗೇಣಿ ಚೀಟಿ, ಅಡಿಕೆಯ ಲೆಕ್ಕ, ನೂಲು ಸುತ್ತಿದ ಕಾಗದದ ಕಟ್ಟು. ಮರುದಿನವೇ ಪ್ರಶ್ನೆ ಬರುತ್ತದೆ: "ರಾಜನ ತಲೆ ಇರುವ ಸ್ಟಾಂಪು ಉಂಟು, ಲಕ್ಷ ಬಾಳಬಹುದಾ?"

ಬಾಳುವುದಿಲ್ಲ. ಐದನೇ, ಆರನೇ ಜಾರ್ಜ್ ತಲೆಯ ಅರ್ಧಾಣೆ, ಒಂದಾಣೆ ಸ್ಟಾಂಪುಗಳು ಕೋಟಿಗಟ್ಟಲೆ ಅಚ್ಚಾದವು. ಬಿಡಿಯಾಗಿ ಮಾರಿದರೆ ಚಹಾದ ದುಡ್ಡೂ ಹುಟ್ಟುವುದು ಕಷ್ಟ. ಅದೇ ಸ್ಟಾಂಪು ಕವರಿನ ಮೇಲೆಯೇ ಇದ್ದು, ಠಸ್ಸೆಯಲ್ಲಿ ಊರು, ತಾರೀಕು ಓದಲು ಬಂದರೆ ಕೊಳ್ಳುವವನು ಸ್ವಲ್ಪ ಬಗ್ಗಿ ನೋಡುತ್ತಾನೆ. ಆದ್ದರಿಂದ ಮೊದಲ ಕೆಲಸ ಕತ್ತರಿ, ಬಿಸಿನೀರು ಎರಡನ್ನೂ ದೂರ ಇಡುವುದು.

ಆಮೇಲೆ ಸ್ಟಾಂಪು ಯಾವ ಕಾಲದ್ದೆಂದು ನೋಡಿ. 1852ರ ಜುಲೈ 1ರಂದು ಸಿಂಧಿನ ಬ್ರಿಟಿಷ್ ಕಮಿಷನರ್ ಬಾರ್ಟಲ್ ಫ್ರೇರ್ ಹೊರತಂದ ಸಿಂಧ್ ಡಾಕ್ ಅರ್ಧಾಣೆ ಸ್ಟಾಂಪು ಇಲ್ಲಿನ ಪೆಟ್ಟಿಗೆಗಳಲ್ಲಿ ಸಿಗುವಂಥದ್ದಲ್ಲ. ಅದು ಓಡಿದ್ದು ಸಿಂಧ್ ಪ್ರಾಂತ್ಯದಲ್ಲಿ, ಅದೂ ಎರಡು ವರ್ಷ. ಇಡೀ ದೇಶಕ್ಕೆಂದು ಬಂದದ್ದು 1854ರ ಅಕ್ಟೋಬರಿನ ಸ್ಟಾಂಪು, ಕಲ್ಕತ್ತೆಯ ಸರ್ವೇ ಕಚೇರಿಯಲ್ಲಿ ಅಚ್ಚಾದದ್ದು. ಅಂಚಿಗೆ ತೂತಿಲ್ಲ, ಕತ್ತರಿಯಲ್ಲೇ ಬಿಡಿಸಬೇಕಿತ್ತು. ಹಾಗಾಗಿ ನಾಲ್ಕೂ ಬದಿ ಬಿಳಿ ಅಂಚು ಉಳಿದದ್ದಕ್ಕೂ ಚಿತ್ರಕ್ಕೇ ಕತ್ತರಿ ತಾಗಿದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ. ಅದರಲ್ಲಿನ ನಾಲ್ಕಾಣೆಗೆ ಕೆಂಪು ಚೌಕಟ್ಟು, ವಿಕ್ಟೋರಿಯಾ ರಾಣಿಯ ನೀಲಿ ತಲೆ, ಎರಡು ಸಲ ಅಚ್ಚು. ಹಾಳೆ ಉಲ್ಟಾ ಹೋಗಿ ರಾಣಿಯ ತಲೆ ಕೆಳಗಾದ ಕೆಲವು ಸ್ಟಾಂಪುಗಳೇ ಪತ್ರಿಕೆಗಳಲ್ಲಿ ಸುದ್ದಿಯಾಗುವುದು. ಆ ಸುದ್ದಿ ಓದಿಯೇ ಈ ಪ್ರಶ್ನೆಯೂ ಹುಟ್ಟುವುದು.

ಮರುವರ್ಷದಿಂದ ಲಂಡನ್ನಿನ ಡಿ ಲಾ ರೂ ಕಂಪನಿಯ ಅಚ್ಚು. "ಈಸ್ಟ್ ಇಂಡಿಯಾ" ಎಂದಿದ್ದರೆ 1882ಕ್ಕಿಂತ ಮೊದಲಿನ ವಿನ್ಯಾಸ. ಬೆಳಕಿಗೆ ಹಿಡಿದಾಗ ಕಾಗದದೊಳಗೆ ಆನೆಯ ತಲೆ ಕಂಡರೆ 1865ರ ನಂತರದ್ದು, ನಕ್ಷತ್ರ ಕಂಡರೆ 1882ರ ನಂತರದ್ದು. 1926ರಿಂದ ಅಚ್ಚು ನಾಸಿಕಕ್ಕೆ ಬಂತು. ನಯಾ ಪೈಸೆ ಎಂದಿದ್ದರೆ 1957ರ ಏಪ್ರಿಲಿನ ಈಚಿನದು.

ಗೇಣಿ ರಶೀದಿಯ ಮೇಲೆ ಒಂದಾಣೆ ಸ್ಟಾಂಪು, ಅದರ ಮೇಲೆ ಅಡ್ಡಲಾಗಿ ಸಹಿ ಕಂಡರೆ ಗಾಬರಿ ಬೇಡ. 1906ರಿಂದ ಅರ್ಧಾಣೆ, ಒಂದಾಣೆ ಸ್ಟಾಂಪುಗಳು ಅಂಚೆಗೂ ರಶೀದಿಗೂ ಒಂದೇ ಆದವು. 20 ರೂಪಾಯಿ ಮೀರಿದ ರಶೀದಿಗೆ ಒಂದಾಣೆ ಹಚ್ಚಬೇಕೆಂಬುದು ಆಗಿನ ಕಾನೂನಾಗಿತ್ತು. ಅಂಥದಕ್ಕೆ ಅಂಚೆಚೀಟಿಯೆಂಬ ಬೆಲೆ ಇಲ್ಲವೆಂದೇ ಹೇಳಬೇಕು. ಚೀಟಿಯಲ್ಲಿ ಬರೆದ ಮೂಲಗೇಣಿಯ (ಕಾಯಂ ಗೇಣಿಯ) ವಿವರಕ್ಕೆ ಬೇಕಾದರೆ ಇರಬಹುದು. ಪಟೇಲರ, ಶಾನುಭೋಗರ ಮನೆಯಲ್ಲಿ "ಸರ್ವಿಸ್" ಎಂದು ಮೇಲಚ್ಚಾದ ಸ್ಟಾಂಪು ಸಿಗುವುದೂ ಸಹಜ, ಅವು ಸರಕಾರಿ ಕಾಗದಕ್ಕೆ ಹಚ್ಚಿದ್ದು.

ನಮ್ಮ ಜಿಲ್ಲೆಗೇ ಸೇರಿದ ಗೊಂದಲ ಒಂದುಂಟು. ಈಗ ಕೇರಳವಾದ್ದರಿಂದ ಇಲ್ಲಿ ಹಿಂದೆ ತಿರುವಾಂಕೂರಿನ ಶಂಖದ ಸ್ಟಾಂಪು ನಡೆಯುತ್ತಿತ್ತೆಂದು ಹಲವರು ತಿಳಿದಿದ್ದಾರೆ. ಇಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸಿಗೆ ಸೇರಿದ ದಕ್ಷಿಣ ಕನ್ನಡದ ತಾಲೂಕು. ಇಲ್ಲಿ ಓಡಿದ್ದು ಬ್ರಿಟಿಷ್ ಇಂಡಿಯಾದ ಸ್ಟಾಂಪೇ. ತಿರುವಾಂಕೂರು, ಕೊಚ್ಚಿಗಳ ಸ್ವಂತ ಅಂಚೆಯಾದ "ಅಂಚಲ್"ನ ಸ್ಟಾಂಪು ಆ ಸಂಸ್ಥಾನಗಳ ಗಡಿ ದಾಟಿದರೆ ನಡೆಯುತ್ತಿರಲಿಲ್ಲ. ತಿರುವನಂತಪುರದಿಂದ ಕುಂಬಳೆಗೆ ಕಾಗದ ಹಾಕುವವನೂ ಬ್ರಿಟಿಷ್ ರಾಜನ ತಲೆಯನ್ನೇ ಹಚ್ಚಬೇಕಿತ್ತು. ವಿಳಾಸದಲ್ಲಿ "ಸೌತ್ ಕೆನರಾ" ಎಂದಿರುವ ಕವರನ್ನು ಅದಕ್ಕೇ ಜೋಪಾನ ಮಾಡಿ. ಸ್ಟಾಂಪು ಎಲ್ಲೆಲ್ಲೂ ಸಿಗುತ್ತದೆ, ಆ ವಿಳಾಸ ಸಿಗುವುದಿಲ್ಲ.

"ಮೈಸೂರು ಮಹಾರಾಜರ ಸ್ಟಾಂಪು" ಎಂಬುದೂ ಇಂಥದೇ. ಮೈಸೂರಿನ ಅಂಚೆ ಎಷ್ಟೋ ಹಳೆಯದು. ಆದರೆ ಅದು ಅಂಚೆಚೀಟಿ ಹೊರಡಿಸದೆಯೇ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. ನಿಮ್ಮ ಕೈಯಲ್ಲಿರುವುದು ಕೋರ್ಟ್ ಫೀ ಸ್ಟಾಂಪೋ ರೆವೆನ್ಯೂ ಸ್ಟಾಂಪೋ ಆಗಿರುತ್ತದೆ.

ಸ್ವಾತಂತ್ರ್ಯಾನಂತರದವುಗಳಲ್ಲಿ ನಿಜಕ್ಕೂ ಬೆಲೆ ಇರುವುದು 1948ರ ಆಗಸ್ಟ್ 15ರ ಗಾಂಧಿ ಸ್ಟಾಂಪುಗಳಿಗೆ, ಅದರಲ್ಲೂ 10 ರೂಪಾಯಿಯದಕ್ಕೆ. ಅಚ್ಚು ಸ್ವಿಟ್ಜರ್ಲೆಂಡಿನ ಕೂರ್ವಾಜಿಯೆ ಕಂಪನಿಯದು, "ಬಾಪು" ಎಂದು ಹಿಂದಿಯಲ್ಲೂ ಉರ್ದುವಿನಲ್ಲೂ ಇದೆ. ಬೆಲೆ ಇದ್ದಲ್ಲಿ ನಕಲಿ ಇಲ್ಲದಿರುತ್ತದೆಯೇ? ಎರಡು ಸೆಂಟಿಮೀಟರಿಗೆ ಹನ್ನೊಂದೂವರೆ ತೂತು ಬರಬೇಕು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ, ಆಮಂತ್ರಣ ಪತ್ರಿಕೆಯ ಫೋಟೋದಲ್ಲಿರುವಂತೆ ಬಣ್ಣಬಣ್ಣದ ಚುಕ್ಕೆಗಳ ಗೊಂಚಲು ಕಂಡರೆ ಅದು ನಕಲಿ.

ಕವರಿಗೆ ಬೆಲೆಯೇ ಇಲ್ಲವೆಂದು ಗೊತ್ತಾದ ಮೇಲೆ ಬಿಡಿಸುವುದಾದರೆ ಹೀಗೆ. ಸುತ್ತ ಅರ್ಧ ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ, ತಣ್ಣೀರಿನಲ್ಲಿ 15-20 ನಿಮಿಷ ತೇಲಬಿಡಿ. ಅಂಟು ಕರಗಿ ಸ್ಟಾಂಪು ತಾನಾಗಿ ಜಾರಬೇಕು. ಎಳೆದರೆ ಹಿಂಬದಿ ತೆಳುವಾಗುತ್ತದೆ, ಅಲ್ಲಿಗೆ ಮುಗಿಯಿತು. ಬಣ್ಣದ ಕವರಿನ ತುಂಡನ್ನು ಬೇರೆ ಬಟ್ಟಲಲ್ಲೇ ಹಾಕಿ. ಹಸಿರು, ನೇರಳೆ ಬಣ್ಣದ ಹಳೆ ಸ್ಟಾಂಪನ್ನು ನೆನೆಸಲೇಬೇಡಿ, ಬಣ್ಣ ಬಿಡುತ್ತದೆ. ಒತ್ತುಕಾಗದದ ಮೇಲೆ ಮುಖ ಕೆಳಗಾಗಿಸಿ ಒಣಗಿಸಿ, ಆಮೇಲೆ ದಪ್ಪ ಪುಸ್ತಕದಡಿ ಇಡಿ.

ನಮ್ಮ ಮಳೆಗಾಲದ್ದು ಬೇರೆಯೇ ಕಾಟ. ಬಳಸದ ಸ್ಟಾಂಪಿನ ಅಂಟು ಆಷಾಢದ ತೇವಕ್ಕೇ ಕರಗಿ ಹಾಳೆಗೆ ಹಾಳೆ ಕಚ್ಚಿಕೊಳ್ಳುತ್ತದೆ. ಬಿಡಿಸಲು ಹೀಗೆ ಮಾಡಿ: ಮುಚ್ಚಳದ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಸ್ಟಾಂಪು. ನೀರು ನೇರವಾಗಿ ತಾಗಬಾರದು. ಮೂರು ನಾಲ್ಕು ಗಂಟೆಯಲ್ಲಿ ಬಿಟ್ಟುಕೊಳ್ಳುತ್ತದೆ, ಅಂಟು ಸ್ವಲ್ಪ ಕೆಡುತ್ತದೆ. ರಾತ್ರಿಯಿಡೀ ಬಿಟ್ಟರೆ ಬೂಸ್ಟು. ಆಲ್ಬಮ್ಮನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿ. ಭಾರ ಬಿದ್ದರೂ ಅಂಟುತ್ತದೆ. ಕಂದು ಚುಕ್ಕೆ ಬಿದ್ದ ಸ್ಟಾಂಪನ್ನು ಬೇರೆ ಮಾಡಿ, ಅದು ಪಕ್ಕದ್ದಕ್ಕೂ ಹಬ್ಬುವ ಬೂಸ್ಟು. ಲ್ಯಾಮಿನೇಷನ್ ಮಾತ್ರ ದಯವಿಟ್ಟು ಬೇಡ.

ತಿಳಿದವರಿಗೆ ಫೋಟೋ ಕಳಿಸುವಾಗ ಕವರಿನ ಹಿಂಬದಿಯದ್ದೂ ಕಳಿಸಿ. ತಲುಪಿದ ಊರಿನ ಠಸ್ಸೆ ಹೆಚ್ಚಾಗಿ ಅಲ್ಲೇ ಇರುವುದು.