ಕರುಳಿನ ಪರಾವಲಂಬಿಗಳ ಅಳತೆಪಟ: ಮೂರನೆಯ ವಾರ

ಮೂತ್ರಪಿಂಡದ ಕಸಿಯಾದ ಮೇಲೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಸೇವಿಸುತ್ತಿರುವ ಅಕ್ಕನಿಗೆ ವಿಷಯ ತಿಳಿಯಲೆಂದು ಆರಂಭಿಸಿದ ಈ ಪಟಕ್ಕೆ, ಒಂದು ಮೈಕ್ರಾನ್‌ಗೆ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) 2 ಮಿಲಿಮೀಟರ್ ಎಂಬ ಪ್ರಮಾಣವನ್ನು ಈ ವಾರ ಗೊತ್ತುಮಾಡಿಕೊಂಡೆ. ಹೋಲಿಕೆಗಾಗಿ ಮೊದಲು ಬರೆದದ್ದು ಕೆಂಪು ರಕ್ತಕಣ. ಅದು ಸುಮಾರು 15 ಮಿಲಿಮೀಟರ್ ಅಗಲದ ಬಿಲ್ಲೆಯಾಯಿತು.

ಭೇದಿ ತರುವ ಏಕಕೋಶ ಪರಾವಲಂಬಿಗಳಲ್ಲಿ ಕ್ರಿಪ್ಟೊಸ್ಪೊರಿಡಿಯಮ್‌ನ ಊಸಿಸ್ಟ್ (ಮಲದಲ್ಲಿ ಹೊರಬೀಳುವ, ಗಟ್ಟಿ ಕವಚದ ಹಂತ) 4ರಿಂದ 6 ಮೈಕ್ರಾನ್, ಸೈಕ್ಲೊಸ್ಪೊರಾದ್ದು 8ರಿಂದ 10. ಎರಡೂ ದುಂಡಗಿದ್ದು, ಸೂಕ್ಷ್ಮದರ್ಶಕದ ಸ್ಲೈಡಿಗೆ ಹಾಕುವ ಆಸಿಡ್ ಫಾಸ್ಟ್ ಬಣ್ಣದಲ್ಲಿ ಎರಡೂ ಕೆಂಪಾಗುವುದರಿಂದ ಅಳೆದೇ ಗುರುತಿಸಬೇಕು. ಕಳೆದ ವಾರ ಸೈಕ್ಲೊಸ್ಪೊರಾಗಳಿಗೆಲ್ಲ ಒಂದೇ ಗಾಢ ಕೆಂಪು ಹಚ್ಚಿದ್ದು ತಪ್ಪಾಗಿತ್ತು. ಒಂದೇ ಸ್ಲೈಡಿನಲ್ಲಿ ಕೆಲವು ಕೆಂಪಾಗಿ, ಕೆಲವು ತಿಳಿ ಗುಲಾಬಿಯಾಗಿ, ಇನ್ನು ಕೆಲವು ಬಣ್ಣವನ್ನೇ ಹಿಡಿಯದೆ ಉಳಿಯುತ್ತವೆ. ಚಿತ್ರವನ್ನು ತಿದ್ದಿದ್ದೇನೆ. ಮಲದ ಸಾಮಾನ್ಯ ಪರೀಕ್ಷೆಯಲ್ಲಿ ಕ್ರಿಪ್ಟೊಸ್ಪೊರಿಡಿಯಮ್ ತಪ್ಪಿಹೋಗಬಹುದಾದ್ದರಿಂದ, ಅದರ ಹೆಸರು ಹೇಳಿಯೇ ಪರೀಕ್ಷೆ ಕೇಳಬೇಕೆಂದೂ, ಬೇರೆ ಬೇರೆ ದಿನಗಳ ಮಾದರಿ ಕೊಡಬೇಕೆಂದೂ ಅಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದೆ. ಕ್ಲೋರಿನ್‌ಗೆ ಇದು ಸುಲಭವಾಗಿ ಸಾಯುವುದಿಲ್ಲ, ಆಲ್ಕೊಹಾಲ್ ಸ್ಯಾನಿಟೈಸರ್‌ಗೂ ಬಗ್ಗುವುದಿಲ್ಲ. ಕುದಿಸಿದ ನೀರು ಮತ್ತು ಸೋಪಿನಿಂದ ಕೈತೊಳೆಯುವುದನ್ನೇ ನಂಬಬೇಕು.

ಹೆಚ್ಚು ಸಮಯ ಹಿಡಿದದ್ದು ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ದುಂಡುಹುಳು. ಮಲದಲ್ಲಿ ಕಾಣುವ ಇದರ ಮರಿಹುಳುವಿನ ಉದ್ದ 180ರಿಂದ 380 ಮೈಕ್ರಾನ್, ಅಂದರೆ ನನ್ನ ಪ್ರಮಾಣದಲ್ಲಿ 36ರಿಂದ 76 ಸೆಂಟಿಮೀಟರ್. ಹಾಳೆಯಲ್ಲಿ ಹಿಡಿಸದೆ ಪ್ರತ್ಯೇಕ ಪಟ್ಟಿಯೊಂದನ್ನು ಅಂಟಿಸಬೇಕಾಯಿತು. ಜಾಗ ಕೊಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕರುಳಿನೊಳಗೇ ಮರುಸೋಂಕು ಹುಟ್ಟಿಸಿಕೊಳ್ಳುತ್ತ ದಶಕಗಳ ಕಾಲ ಸುಮ್ಮನಿರಬಲ್ಲ ಈ ಹುಳು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಔಷಧ ಆರಂಭವಾದೊಡನೆ ಲೆಕ್ಕವಿಲ್ಲದಷ್ಟು ಹೆಚ್ಚಿ, ಕರುಳಿನ ಬ್ಯಾಕ್ಟೀರಿಯಾಗಳನ್ನು ರಕ್ತಕ್ಕೆ ಹೊತ್ತೊಯ್ದು ಪ್ರಾಣವನ್ನೇ ತೆಗೆಯಬಹುದು. ಆ ಹಂತದಲ್ಲಿ ಹುಳುಗಳ ಸೋಂಕಿನಲ್ಲಿ ಸಾಮಾನ್ಯವಾಗಿ ಹೆಚ್ಚುವ ಬಿಳಿ ರಕ್ತಕಣವಾದ ಇಯೊಸಿನೊಫಿಲ್‌ನ ಎಣಿಕೆ ಏರದೆಯೂ ಇರಬಹುದು. ಆದ್ದರಿಂದ ಎಣಿಕೆ ಸಹಜವಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಈ ಹುಳು ಸಾಮಾನ್ಯವಾಗಿರುವ ಪ್ರದೇಶಗಳಲ್ಲಿ ಬಾಳಿದವರಿಗೆ ಸ್ಟೀರಾಯ್ಡ್ ಅಥವಾ ಕಸಿಗೆ ಮುಂಚೆಯೇ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಿ, ಸೋಂಕಿದ್ದರೆ ಹುಳುನಾಶಕ ಔಷಧವಾದ ಐವರ್‌ಮೆಕ್ಟಿನ್ ಕೊಡುವುದು ಎಷ್ಟು ಜೀವಗಳನ್ನು ಉಳಿಸೀತೆಂದು ಈ ಪಟ್ಟಿಯನ್ನು ಬರೆಯುವಾಗಲೆಲ್ಲ ಅನ್ನಿಸುತ್ತಿತ್ತು.

ಎಚ್‌ಐವಿ ಸೋಂಕಿತರ ಅಂಕಣ ಅರ್ಧವಾಗಿದೆ. ಸಿಡಿ4 (ಎಚ್‌ಐವಿ ನಾಶಮಾಡುವ, ರೋಗನಿರೋಧಕ ಶಕ್ತಿಯ ಬಿಳಿ ರಕ್ತಕಣ) ಎಣಿಕೆ 100ಕ್ಕಿಂತ ಕೆಳಗಿಳಿದವರಲ್ಲಿ ಕ್ರಿಪ್ಟೊಸ್ಪೊರಿಡಿಯಮ್ ಭೇದಿ ತಾನಾಗಿ ನಿಲ್ಲದೆ ಮುಂದುವರಿಯುತ್ತದೆ; ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಔಷಧಗಳಿಂದ ರೋಗನಿರೋಧಕ ಶಕ್ತಿ ಮರಳುವುದೇ ಅಲ್ಲಿ ಮುಖ್ಯ ಚಿಕಿತ್ಸೆ.

ಮುಂದಿನ ವಾರಕ್ಕೆ ಮೈಕ್ರೊಸ್ಪೊರಿಡಿಯಾ ಉಳಿದಿದೆ. ಕೇವಲ 1ರಿಂದ 4 ಮೈಕ್ರಾನ್‌ನ ಈ ಬೀಜಕಗಳನ್ನು ಹಿಂದೆ ಪ್ರೋಟೊಜೋವಾ (ಏಕಕೋಶ ಜೀವಿ) ಎನ್ನುತ್ತಿದ್ದರು, ಈಗ ಶಿಲೀಂಧ್ರಗಳ ಸಾಲಿಗೆ ಸೇರಿಸುತ್ತಾರೆ. ಪಟದಲ್ಲಿ ಅವಕ್ಕೆ ಬೇರೆಯೇ ಮನೆ ಎಳೆಯಬೇಕು.