ಕಾಫಿ ಕಣದ ಲೆಕ್ಕ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವರ್ಗ ಸಮೀಕರಣ ಅಂದ್ರೆ ಸೂತ್ರ ಬಾಯಿಪಾಠ ಮಾಡೋದು ಅಂತಾಗಿಬಿಟ್ಟಿದೆ, ನನಗಂತೂ ತುಂಬಾ ಬೇಜಾರು. ನಿನ್ನೆ ಮೂಡಿಗೆರೆಯಲ್ಲಿ ಅಕ್ಕನ ಮಗಳಿಗೆ ಮನೆ ಮುಂದೆ ಕಾಫಿ ಒಣಗಿಸೋ ಕಣವನ್ನೇ ಲೆಕ್ಕ ಮಾಡಿ ಕೊಟ್ಟೆ. ಉದ್ದ ಅಗಲಕ್ಕಿಂತ 7 ಮೀಟರ್ ಜಾಸ್ತಿ, ಒಟ್ಟು 120 ಚದರ ಮೀಟರ್, ಅಗಲ ಎಷ್ಟು? ಅಗಲವನ್ನ ಎಕ್ಸ್ ಅಂತ ಇಟ್ಕೊಂಡ್ರೆ ಎಕ್ಸ್ ವರ್ಗ + 7ಎಕ್ಸ್ = 120.

ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗಣಿತಜ್ಞ ಶ್ರೀಧರಾಚಾರ್ಯರು ಹೇಳಿದ ದಾರಿ ಎಷ್ಟು ಚೆಂದ ನೋಡಿ. ಎರಡೂ ಕಡೆ 4ರಿಂದ ಗುಣಿಸಿ, 7ರ ವರ್ಗ 49 ಕೂಡಿಸಿದರೆ ಎಡಗಡೆ 2ಎಕ್ಸ್ + 7 ಇದರ ವರ್ಗ, ಬಲಗಡೆ 529, ಅದು 23ರ ವರ್ಗ. ಭಿನ್ನರಾಶಿಯ ಕಾಟವೇ ಇಲ್ಲ. 2ಎಕ್ಸ್ + 7 = 23, ಎಕ್ಸ್ 8 ಬಂತು.

"ಚಿಕ್ಕಿ, ಮೈನಸ್ 23 ತಗೊಂಡ್ರೆ ಮೈನಸ್ 15 ಬರುತ್ತಲ್ಲ, ಹೊಡೆದುಹಾಕ್ಲಾ?"

ಹಾಕು, ಅಗಲ ಮೈನಸ್ ಆಗಲ್ಲ ಅಲ್ವಾ, ಆದ್ರೆ ಕಣದ ಉದ್ದ ಎಷ್ಟು ಹೇಳು ಅಂದೆ. 8 + 7, ಹದಿನೈದು! ಬೇಡ ಅಂತ ಬಿಟ್ಟ ಉತ್ತರದಲ್ಲೇ ಉದ್ದ ಕೂತಿತ್ತು. ಇದಕ್ಕೆ ಪರೀಕ್ಷೆಯಲ್ಲಿ ಮಾರ್ಕ್ಸ್ ಇಲ್ಲ, ಆದರೆ ಯಾಕೆ ಹೀಗೆ ಅಂತ ಅವಳೇ ಪೆನ್ಸಿಲ್ ತಗೊಂಡು ಕೂತಳು. ಎರಡು ಮೂಲಗಳನ್ನು, ಅಂದ್ರೆ ಸಮೀಕರಣದ ಎರಡು ಉತ್ತರಗಳನ್ನು, ಗುಣಿಸಿದರೆ ಮೈನಸ್ 120 ಬರಲೇಬೇಕು, ಉದ್ದ ಅಗಲ ಗುಣಿಸಿದರೆ 120, ಅದಕ್ಕೇ.